ಏರುತ್ತಲೇ ಹೋದ ಗೆರೆ

ಮೊನ್ನೆ ಸ್ಟೇಶನ್ ಬಜಾರದಲ್ಲಿ ಆಟೋಕ್ಕೆ ಕಾಯುತ್ತಿದ್ದಾಗ ತಳ್ಳುಗಾಡಿಯಿಂದ ಕೆಂಪು ಬಾಳೆಹಣ್ಣಿನ ವಾಸನೆ ಬಂತು. ಕಮಲಾಪುರದ ಹಣ್ಣು. ಅದೇ ಊರಿನ ನಮ್ಮ ಗಣಿತದ ಮಾಸ್ತರರು ನೆನಪಾದರು. ಬಂದ ಆಟೋ ಬಿಟ್ಟು ಸುಮ್ಮನೆ ನಿಂತೆ...

ನಿವೃತ್ತರಾದ ಮೇಲೆ ಅವರು ಬಸ್ಸಿನಿಂದ ಇಳಿಯುವಾಗ ಬಿದ್ದು ಕಾಲಿನ ಎಲುಬು ಮುರಿದುಕೊಂಡರು. ಕಲಬುರಗಿಯ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು. ಎಲುಬು ಕೂಡುವಾಗ ರಕ್ತದಲ್ಲಿ ಹೆಚ್ಚಾಗುವ ಅಂಶವೊಂದಿದೆ. ಅದನ್ನು ಆಗಾಗ ಅಳೆಯಲು ಡಾಕ್ಟರು ಬರೆದುಕೊಟ್ಟಿದ್ದರು. ಅಲ್ಲಿನ ಲ್ಯಾಬಿನಲ್ಲಿ ರಕ್ತ ತೆಗೆಯುವವನು ನಾನು, ಅವರ ಹಳೆಯ ವಿದ್ಯಾರ್ಥಿ. ಎರಡು ಸಲ ಲ್ಯಾಬಿಗೆ ಬಂದದ್ದೇ, ರಿಪೋರ್ಟು ಹಿಡಿದು ಡಾಕ್ಟರ ಕಡೆ ಹೋಗುವುದನ್ನು ಬಿಟ್ಟರು.

"ಅಲ್ಲಿ ದಿನಾಪೂರ್ತಿ ಕೂಡಬೇಕು. ನೀ ಅದೀಯಲ್ಲ ತಮ್ಮಾ, ನೀನೇ ಹೇಳು," ಅಂದರು.

ಪ್ರತಿ ಸಲದ ಅಂಕಿಗೆ ಗ್ರಾಫ್ ಹಾಳೆಯ ಮೇಲೆ ಚುಕ್ಕೆಯಿಟ್ಟು, ಸ್ಕೇಲ್ ಹಿಡಿದು ಗೆರೆ ಎಳೆಯುತ್ತಿದ್ದರು. "ಏರಾಕತ್ತದ, ಹೌದಿಲ್ಲೋ?" ಎಂದು ತೋರಿಸುತ್ತಿದ್ದರು. ಹಿಂದೆ ಸಾಲಿನಲ್ಲಿ ಮಂದಿ ಗೊಣಗುತ್ತಿದ್ದರು.

"ಎಲುಬು ಕೂಡಾಕತ್ತದ ರೀ ಸರ," ಎಂದು ಕಳಿಸುತ್ತಿದ್ದೆ.

ಎಲುಬು ಕೂಡಿದ ಮೇಲೆ ಆ ಅಂಕಿ ಇಳಿಯಬೇಕು. ಆರು ತಿಂಗಳಾದರೂ ಇಳಿಯಲಿಲ್ಲ. ಲಿವರ್ ಕೆಟ್ಟರೂ ಅದು ಏರುತ್ತದೆ. ನನಗೆ ಗೊತ್ತಿತ್ತು. ದಿನವಿಡೀ ಸೂಜಿ ಚುಚ್ಚಿ ದಣಿದಿರುತ್ತಿದ್ದೆ, ನಿಜ... ಆದರೆ ಮಾಸ್ತರರ ಕಣ್ಣಲ್ಲಿ ಎಲ್ಲಾ ಬಲ್ಲ ಹುಡುಗನಾಗಿರುವ ಚಪಲವೂ ಇತ್ತು. ಡಾಕ್ಟರಿಗೆ ತೋರಿಸಿರಿ ಎಂಬ ಎರಡು ಮಾತು ನನ್ನ ಹಾಳು ಬಾಯಿಂದ ಹೊರಡಲಿಲ್ಲ.

ಆಮೇಲೆ ಅವರು ಬರುವುದು ನಿಂತಿತು. ತಿಂಗಳು ಕಳೆದು ಕಮಲಾಪುರಕ್ಕೆ ಹೋದೆ. ಮಾಸ್ತರರ ಕಣ್ಣು ಅರಿಶಿನ ಹಳದಿ. ಚಹಾ ಮಾಡುತ್ತಿದ್ದ ಅವರ ಹೆಂಡತಿ ನನ್ನನ್ನು ಒಳಗೆ ಕರೆದರು.

"ಲಿವರ್‌ನ್ಯಾಗ ಗಡ್ಡಿ ಆಗ್ಯಾದಪ್ಪಾ. ಎಲ್ಲಾ ಕಡಿ ಹಬ್ಬ್ಯಾದ ಅಂದಾರ. ಇವರಿಗಿ ಹೇಳಿಲ್ಲ, ನೀನೂ ಹೇಳಬ್ಯಾಡ."

ಹೊರಗೆ ಬಂದರೆ ಮಾಸ್ತರರು ಮಂಚದಿಂದ ಎದ್ದು ನಿಂತಿದ್ದರು. ಕೋಲು ಮುಟ್ಟದೆ ಬಾಗಿಲತನಕ ನಡೆದು, ಮತ್ತೆ ನಡೆದು ಬಂದು ಕೂತರು. ಏದುಸಿರು ಬಿಡುತ್ತಿದ್ದರು.

"ನೋಡು, ನೀ ಹೇಳಿದ್ದು ಖರೇ ಆತು. ಕಾಲು ಕೂಡ್ತು."

"ಹೌದ್ರಿ ಸರ," ಅಂದೆ.

ಅವರು ಹೋಗಿ ವರ್ಷಗಳಾದವು. ಈಗ ಅಂಥ ಅಂಕಿ ಕಂಡರೆ ಕುರ್ಚಿ ಬಿಟ್ಟೆದ್ದು ನಾನೇ ಡಾಕ್ಟರ ಕೋಣೆಗೆ ಹೋಗುತ್ತೇನೆ. ಕಾಳಜಿಯ ಮನುಷ್ಯ ಎಂದು ಮಂದಿ ಹೊಗಳುತ್ತಾರೆ. ಕೇಳಿ ಕೇಳಿ ಸಾಕಾಗಿದೆ. ನನ್ನ ಮಾಸ್ತರರು ನನ್ನನ್ನು ಜಾಣನೆಂದು ನಂಬಿಕೊಂಡೇ ಸತ್ತರು.