ನಕ್ಷೆಯಲ್ಲಿ ನಮ್ಮಿಬ್ಬರ ಜಾಗ

ಸ್ಕೇಲು ಹಿಡಿದರೂ ನನಗೆ ಗೀಟು ನೇರ ಬರುವುದಿಲ್ಲ. ಆದರೂ ನಮ್ಮ ಮನೆಯ ನಕ್ಷೆಯನ್ನು ಮೊದಲು ಬರೆದವನು ನಾನೇ ಎಂದು ಕಂಡಕಂಡವರಿಗೆಲ್ಲ ಹೇಳುತ್ತೇನೆ. ಬಂದವರು ಕೂತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಹೇಳಿ ಮುಗಿಸಿರುತ್ತೇನೆ. ನಿಮ್ಮನ್ನೂ ಬಿಡುವವನಲ್ಲ.

ಕುಂದಾಪುರದ ಕಡೆಯಿಂದ ಮರಾಠಿ ನಾಡಿಗೆ ಬಂದು, ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವುದರಿಂದ ಶುರುಮಾಡಿ ಗಲ್ಲಾಪೆಟ್ಟಿಗೆಯ ತನಕ ಏರಿದವನು ನಾನು. ಕಲ್ಯಾಣದ ಪಕ್ಕದ ಶಹಾಡ್ ಸ್ಟೇಷನ್ನಿನ ಹಿಂದಿನ ಚಾಳಿನಲ್ಲಿ, ಒಂದೇ ಖೋಲಿಯಲ್ಲಿ, ಇಪ್ಪತ್ತೆರಡು ವರ್ಷ ಸಂಸಾರ ಮಾಡಿದೆವು: ನಾನು, ಹೆಂಡತಿ ಗಿರಿಜೆ, ಅಮ್ಮ, ಆಮೇಲೆ ಮಗಳು. ಊರಿನಿಂದ ಕೆಲಸ ಹುಡುಕಿ ಬಂದ ನೆಂಟರು ಸದಾ ಒಬ್ಬಿಬ್ಬರು. ಅಂಥವನಿಗೆ ಕಲ್ಯಾಣದ ಹೊರಗೆ ಸ್ವಂತದ್ದೊಂದು ತುಂಡು ಜಾಗ ಸಿಕ್ಕರೆ ನಕ್ಷೆಯನ್ನು ಇನ್ನೊಬ್ಬರ ಕೈಗೆ ಕೊಡಲು ಮನಸ್ಸು ಬಂದೀತೇ? ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಹಿರಿಯರಿಗೆ ಕಾಗದದ ಮೇಲೆ ಮನೆ ಕಟ್ಟುವ ಸುಖ ಗೊತ್ತಿರಲಿಲ್ಲ. ಅಲ್ಲಿ ರಬ್ಬರಿನಿಂದ ಒಂದು ಗೋಡೆಯನ್ನೇ ಒರೆಸಿಹಾಕಿದರೂ ಕೇಳುವವರಿಲ್ಲ.

ಮಧ್ಯಾಹ್ನ ಊಟದ ಗಿರಾಕಿಗಳು ಕರಗಿದ ಮೇಲೆ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತಾ ಕೂತೆ. ಅಡುಗೆಮನೆ ಆಗ್ನೇಯಕ್ಕೆ. ಅಲ್ಲಿಂದ ಹಾಲ್‌ಗೆ ತಟ್ಟೆ ದಾಟಿಸಲು ಒಂದು ಕಿಂಡಿ. ಹಾಲ್ ಎಂದರೆ ಹನ್ನೆರಡು ಜನ ಒಟ್ಟಿಗೆ ಉಣ್ಣುವಷ್ಟು, ನಡುವೆ ಬಡಿಸುವವರು ಓಡಾಡುವಷ್ಟು. ಎದ್ದ ಕೂಡಲೇ ಕೈ ತೊಳೆಯಲು ಎರಡು ಬೇಸಿನ್ನು. ಅಮ್ಮನಿಗೆ ದೇವರ ಮನೆಯ ಪಕ್ಕದ ಕೋಣೆ, ಮಗಳಿಗೆ ಓದುವ ಕೋಣೆ, ನೆಂಟರಿಗೊಂದು. ವಾಸ್ತುವನ್ನೂ ಬಿಡಲಿಲ್ಲ. ನೈಋತ್ಯ ಮೂಲೆ ಯಜಮಾನನದು, ಭಾರವೆಲ್ಲ ಅಲ್ಲಿರಬೇಕು ಅನ್ನುತ್ತದೆ ಶಾಸ್ತ್ರ. ಭಾರವೆಂದರೆ ನನಗೆ ಗೊತ್ತಿದ್ದದ್ದು ಅಕ್ಕಿ ಮೂಟೆ. ಆದ್ದರಿಂದ ಅಲ್ಲಿ ಉಗ್ರಾಣ ಮಾಡಿದೆ.

ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. "ಪಪ್ಪಾ, ಯೇ ಘರ್ ಹೈ ಯಾ ಹೋಟೆಲ್? ಬಿಲ್ ಕೌನ್ ದೇಗಾ?" ಅಂದಳು. ಇದು ಮನೆಯೋ ಹೋಟೆಲೋ, ಬಿಲ್ಲು ಯಾರು ಕೊಡುವುದು ಎಂಬ ಆ ಕೊಂಕನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಎಂಜಿನಿಯರ್ ಮರಾಠಿಯವರು, ನಮ್ಮ ಹೋಟೆಲಿನ ಹಳೇ ಗಿರಾಕಿ. ನಕ್ಷೆಯನ್ನು ಸಾವಕಾಶವಾಗಿ ನೋಡಿ ಕೇಳಿದರು: "ಅಣ್ಣಾ, ಸಗಳಂ ಛಾನ್ ಆಹೇ. ಪಣ್ ತುಮ್ಹೀ ದೋಘೇ ಝೋಪಣಾರ್ ಕುಠೇ?"

ಎಲ್ಲ ಚೆನ್ನಾಗಿದೆ, ಆದರೆ ನೀವಿಬ್ಬರು ಮಲಗುವುದೆಲ್ಲಿ? ನಾನು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದೆ. ನಮಗೆ ಜಾಗವೇ ಇರಲಿಲ್ಲ. ಮದುವೆಗೆ ಮುಂಚೆ ಹೋಟೆಲಿನ ಮೇಜು ಜೋಡಿಸಿ ಮಲಗಿದವನು, ಮದುವೆಯಾದ ಮೇಲೆ ಒಲೆಕಟ್ಟೆಯ ಬುಡದಲ್ಲಿ ಚಾಪೆ ಬಿಡಿಸಿದವನು. ಮಲಗುವುದಕ್ಕೆಂದೇ ಒಂದು ಕೋಣೆ ಬೇಕೆಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು.

ನೀನಾದರೂ ಹೇಳಬಾರದಿತ್ತೇ ಎಂದು ಗಿರಿಜೆಯ ಮೇಲೆಯೇ ಹರಿಹಾಯ್ದೆ.

"ನಾನೆಂತ ಹೇಳುದ್? ನೀವ್ ಅಷ್ಟ್ ಖುಷಿಯಂಗೆ ಬರೀತಿದ್ರಿ" ಅಂದಳು. ಆಮೇಲೆ ಸೇರಿಸಿದಳು: "ಕೋಣೆ ಸಣ್ಣದಾರೂ ಅಡ್ಡಿಲ್ಲೆ. ಒಳ್ಗಿಂದ ಚಿಲ್ಕ ಹಾಕುಕ್ ಆಯ್ಕ್."

ಇಪ್ಪತ್ತೆರಡು ವರ್ಷ ಅವಳು ಸೀರೆ ಉಟ್ಟದ್ದು ಪರದೆಯ ಹಿಂದೆ, ಹೊರಗೆ ಯಾರಾದರೂ ಕೆಮ್ಮಿದರೆ ಬೆಚ್ಚಿ. ಆ ಒಂದು ಚಿಲಕದ ಆಸೆಯನ್ನು ಅಷ್ಟು ಕಾಲ ನುಂಗಿಕೊಂಡಿದ್ದಳು. ಅಂದೇ ಹಾಲ್ ಅರ್ಧ ಕಡಿದೆ. ಬೇಸಿನ್ನು ಒಂದಾಯಿತು. ಅಕ್ಕಿ ಮೂಟೆ ಮೆಟ್ಟಿಲಿನ ಕೆಳಗೆ ಹೋಗಿ, ನೈಋತ್ಯ ಮೂಲೆ ಗಿರಿಜೆಗೆ ಸೇರಿತು. ಕಿಂಡಿಯೊಂದನ್ನು ಮಾತ್ರ ನಾನು ಬಿಟ್ಟುಕೊಡಲಿಲ್ಲ.

ಗೃಹಪ್ರವೇಶದ ಮರುದಿನ ಮಧ್ಯಾಹ್ನ ಹಾಲ್ ತುಂಬ ನೆಂಟರು ಉರುಳಿಕೊಂಡಿದ್ದರು. ಗಿರಿಜೆ ತನ್ನ ಕೋಣೆಗೆ ಹೋದಳು, ಚಿಲಕ ಬಿದ್ದ ಸದ್ದು ಕೇಳಿತು. ಗಂಟೆಯಾದರೂ ಹೊರಗೆ ಬರಲಿಲ್ಲ. ಚಹಾದ ಹೊತ್ತಾಯಿತೆಂದು ಬಾಗಿಲು ತಟ್ಟಿದೆ.

"ಯಾರದ್?" ಒಳಗಿನಿಂದ ನಿದ್ದೆಯ ದನಿ.

ಯಾರು ಎಂದು ಅವಳು ನನ್ನನ್ನು ಕೇಳುವ ಪ್ರಸಂಗವೇ ಅಲ್ಲಿಯ ತನಕ ಬಂದಿರಲಿಲ್ಲ. ಮನೆಯ ಮುಂಬಾಗಿಲಿನ ಮೇಲೆ ನಮ್ಮ ಹೆಸರು ನೋಡಿದಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

"ಯಾರೂ ಅಲ್ಲ, ಮನಿಕೋ" ಎಂದು ಅವಳನ್ನು ಮಲಗಲು ಬಿಟ್ಟೆ. ಹನ್ನೊಂದು ಚಹಾ ನಾನೇ ಮಾಡಿ, ಒಂದೊಂದಾಗಿ ಕಿಂಡಿಯಿಂದ ದಾಟಿಸಿದೆ.