ಮೊಳಕ್ಕಿಂತ ಗಿಡ್ಡ ಕಟ್ಟಿಗೆ

ಮಿಯಾಪುರದ ಆ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಸಭೆಗಳನ್ನು ನೆನೆದರೆ ನನಗೆ ಇವತ್ತಿಗೂ ವಾಕರಿಕೆ ಬರುತ್ತದೆ. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿಗಳು ಕಂಡವರನ್ನೆಲ್ಲ ಕರೆದು ಕೆಲಸ ಕೊಡುತ್ತಿದ್ದ ಕಾಲ ಅದು. ನಾನು ಮೈಸೂರಿನಿಂದ ಬಂದು ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದೆ. ಕಟ್ಟಡಕ್ಕೆ ಬಣ್ಣ ಬಳಿಯುವುದು ಇನ್ನೂ ಮುಗಿದಿರಲಿಲ್ಲ, ಆಗಲೇ ಭಾನುವಾರ ಬಂತೆಂದರೆ ಕೆಳಗಿನ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಳ್ಳರ ಬಗ್ಗೆ ಮಾತು ಶುರುವಾಗುತ್ತಿತ್ತು.

ಕಳ್ಳರೆಂದರೆ ಯಾರು? ಕೆಲಸದವರು, ವಾಚ್‌ಮನ್, ಗುಡಿಸುವವರು, ಇಸ್ತ್ರಿಯವನು. ಹಾಗೆಂದು ಸಾರುತ್ತಿದ್ದ ಒಬ್ಬ ಮಹಾಶಯರು ಕಾರಿಡಾರಿನ ಲೈಟಿನ ವೈರಿನಿಂದ ತಮ್ಮ ಮನೆಯ ಎಸಿಗೆ ಕರೆಂಟ್ ಎಳೆದುಕೊಂಡಿದ್ದರು. ಅದರ ಹೆಸರು ಅಡ್ಜಸ್ಟ್‌ಮೆಂಟ್. ಇನ್ನೊಬ್ಬರ ಮನೆಯ ಹಾಲ್‌ನಲ್ಲಿದ್ದ ತಿರುಗು ಕುರ್ಚಿಗೆ ಅವರ ಆಫೀಸಿನ ನಂಬರ್ ಚೀಟಿ ಹಾಗೇ ಅಂಟಿಕೊಂಡಿತ್ತು. ಅದಕ್ಕೆ ಯಾರೂ ಏನೂ ಎನ್ನುತ್ತಿರಲಿಲ್ಲ.

ನನ್ನದನ್ನೂ ಹೇಳಿಬಿಡುತ್ತೇನೆ. ನನಗೆ ಕೆಲಸ ಸಿಕ್ಕಿದ್ದು ಎರಡು ವರ್ಷದ ಅನುಭವವಿದೆ ಎಂಬ ಸುಳ್ಳು ಪತ್ರದಿಂದ. ಅಂಥ ಪತ್ರ ಮಾಡಿಕೊಡುವವರು ಅಮೀರ್‌ಪೇಟೆಯಲ್ಲಿ ಬೇಕಾದಷ್ಟಿದ್ದರು. ‘ಎಕ್ಸ್‌ಪೀರಿಯನ್ಸ್ ಹಾಕೋದು’ ಎಂದು ಅದಕ್ಕೆ ಹೆಸರು, ಚಹಾಕ್ಕೆ ಸಕ್ಕರೆ ಹಾಕಿದಷ್ಟು ಸಲೀಸು. ಅಸೋಸಿಯೇಷನ್ ಸೆಕ್ರೆಟರಿ ನನ್ನ ಕಂಪನಿಯಲ್ಲೇ ಮ್ಯಾನೇಜರ್. ಅವರಿಗೆ ನನ್ನ ಪತ್ರದ ಹಣೆಬರಹ ಗೊತ್ತಿತ್ತು. ಒಮ್ಮೆ ಲಿಫ್ಟಿನಲ್ಲಿ ಭುಜ ತಟ್ಟಿ, ಎಲ್ಲರೂ ಮಾಡುವುದೇ, ತಲೆ ಕೆಡಿಸಿಕೊಳ್ಳಬೇಡ ಎಂದು ತೆಲುಗಿನಲ್ಲಿ ಸಮಾಧಾನ ಹೇಳಿದ್ದರು. ಅವತ್ತಿನಿಂದ ನಾನು ಅವರ ಮುಂದೆ ಬಾಲ ಅಲ್ಲಾಡಿಸುತ್ತಿದ್ದೆ.

ಸೆಕ್ರೆಟರಿ ಮನೆಯ ದೇವರ ಮಂಟಪಕ್ಕೆಂದು ಬಡಗಿ ಕೊಯ್ದಿಟ್ಟಿದ್ದ ತೇಗದ ತುಂಡುಗಳು ಒಂದು ದಿನ ಮೆಟ್ಟಿಲ ಬಳಿಯಿಂದ ಕಾಣೆಯಾದವು. ತೆಗೆದುಕೊಂಡು ಹೋದದ್ದು ಯಾರೆಂದು ಹುಡುಕುವ ಕಷ್ಟವೇ ಇರಲಿಲ್ಲ. ಕಸ ಗುಡಿಸುವ ಹೆಂಗಸು ಅವನ್ನು ಸಿಂಬಿ ಮೇಲೆ ಹೊತ್ತು, ಹಾಡುಹಗಲಲ್ಲಿ, ದೊಡ್ಡ ಗೇಟಿನಿಂದಲೇ, ವಾಚ್‌ಮನ್ ಕಣ್ಣೆದುರೇ ನಡೆದು ಹೋಗಿದ್ದಳು. ಯಾವ ಕಳ್ಳ ಹಾಗೆ ಹೋಗುತ್ತಾನೆ? ಆ ಪ್ರಶ್ನೆ ಅಷ್ಟು ಜನ ಇಂಜಿನಿಯರುಗಳಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಅವಳು ಯಾದಗಿರಿ ಕಡೆಯವಳು. ಇದೇ ಕಟ್ಟಡಕ್ಕೆ ಇಟ್ಟಿಗೆ ಹೊತ್ತು, ಕೆಲಸ ಮುಗಿದ ಮೇಲೆ ಕಸ ಗುಡಿಸಲು ಉಳಿದುಕೊಂಡವಳು. ಕಾಂಪೌಂಡಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ವಾಸ. ಅವಳ ತೆಲುಗು ಇಟ್ಟಿಗೆ, ಮರಳು, ನೀರಿನಾಚೆ ಹೋಗುತ್ತಿರಲಿಲ್ಲ. ಹಾಗಾಗಿ ವಿಚಾರಣೆಗೆ ನನ್ನನ್ನು ಕರೆಸಿದರು. ಕಳ್ಳಿ ಎಂದು ತೀರ್ಮಾನವಾದರೆ ಅವಳ ಕೆಲಸವೂ ಹೋಗುತ್ತದೆ, ಶೆಡ್ಡೂ ಹೋಗುತ್ತದೆ ಎಂದು ನನಗೆ ಮೊದಲೇ ಹೇಳಿದ್ದರು.

"ನೀವೇ ತಗೊಂಡು ಹೋದ್ರೇನಮ್ಮ?" ಎಂದು ಕೇಳಿದೆ.

"ಹೌದ್ರಿ, ನಾನ ಒಯ್ದೀನ್ರಿ. ಒಲಿಗಿ ಹಾಕಿ ರೊಟ್ಟಿ ಮಾಡೀನ್ರಿ," ಎಂದಳು. ಅಂಜಿಕೆಯ ಸುಳಿವೂ ಇರಲಿಲ್ಲ. "ಮೊಳಕ್ಕಿಂತ ಗಿಡ್ಡ ಇದ್ದುವಲ್ರಿ ಸಾಹೇಬ್ರ. ಗಿಡ್ಡ ತುಂಡು ಕೂಲಿಯವ್ರದ್ರಿ. ಈ ಬಿಲ್ಡಿಂಗ ಕಟ್ಟಾಕ ಬಂದಾಗಿಂದ ಮೇಸ್ತ್ರಿ ಅವನ್ನ ನಮಗ ಒಲಿಗಿ ಬಿಟ್ಟಾನ್ರಿ. ನಾ ಅಳದ ನೋಡೀನಿ." ಮೊಣಕೈಯಿಂದ ಬೆರಳ ತುದಿಯವರೆಗೆ ಇನ್ನೊಂದು ಕೈಯಿಂದ ಸವರಿ ತೋರಿಸಿದಳು. "ಒಂದು ಉದ್ದ ಇತ್ರಿ. ಅದನ್ನ ಅಲ್ಲೇ ಬಿಟ್ಟೀನಿ. ಬೇಕಾರ ನೋಡ್ರಿ."

ನೋಡಬೇಕಾಗಿರಲಿಲ್ಲ. ಆ ಉದ್ದನೆಯ ತುಂಡು ಗೋಡೆಗೆ ಒರಗಿ ನಿಂತಿದ್ದನ್ನು ನಾನು ಬೆಳಿಗ್ಗೆಯೇ ನೋಡಿದ್ದೆ.

ಸೆಕ್ರೆಟರಿ ನನ್ನ ಮುಖ ನೋಡಿದರು. "ತಾನೇ ತಗೊಂಡೆ ಅಂತಿದಾಳೆ ಸರ್. ಸುಟ್ಟೂ ಹಾಕಿದಾಳಂತೆ," ಎಂದು ಇಂಗ್ಲಿಷಿನಲ್ಲಿ ಹೇಳಿದೆ.

"ಕೈ ಯಾಕೆ ತೋರಿಸ್ತಿದಾಳೆ?"

"ಎಷ್ಟುದ್ದದ ತುಂಡು ಅಂತ ಹೇಳ್ತಿದಾಳೆ ಸರ್."

ಅಷ್ಟೇ. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ ಎಂದು ಆಮೇಲೆ ಎಷ್ಟೋ ದಿನ ನನಗೆ ನಾನೇ ವಕಾಲತ್ತು ವಹಿಸಿದ್ದೇನೆ. ಥೂ! ಮೊಳದ ಮಾತು ಬಾಯಿಗೆ ಬಂದಿತ್ತು. ಅದನ್ನು ಆಡಿದರೆ ಅವಳ ಪರ ವಹಿಸಿದಂತಾಗುತ್ತದೆ, ಮ್ಯಾನೇಜರ್ ಮುಖ ಗಂಟಿಕ್ಕುತ್ತಾರೆ, ನಾಳೆ ಯಾರಾದರೂ ನನ್ನ ಪತ್ರ ತೆರೆದು ನೋಡಿದರೆ ಎಂದು ನುಂಗಿಕೊಂಡೆ.

ಐದು ನಿಮಿಷದಲ್ಲಿ ತೀರ್ಪಾಯಿತು. ಪಾಪದ ಹೆಂಗಸು, ಪೊಲೀಸರಿಗೆ ಕೊಡುವುದು ಬೇಡ, ಸಂಜೆಯೊಳಗೆ ಜಾಗ ಖಾಲಿ ಮಾಡಲಿ, ಫೋಟೋ ಮಾತ್ರ ಗೇಟಿನ ಬೋರ್ಡಿಗೆ ಹಾಕೋಣ ಎಂದರು. ತಮ್ಮ ದೊಡ್ಡ ಮನಸ್ಸಿಗೆ ತಾವೇ ತಲೆದೂಗಿದರು. ಎಸಿಯ ಮಹಾಶಯರು ಮಿರ್ಚಿ ಬಜ್ಜಿ ತರಿಸಿದರು. ನಾನೂ ಎರಡು ತಿಂದೆ. ಅದರ ಎಣ್ಣೆಯ ವಾಸನೆ ಈಗಲೂ ಮೂಗಿಗೆ ಬಡಿಯುತ್ತದೆ.

ಸಂಜೆ ಹಾಲು ತರಲು ಹೊರಟಾಗ ಅವಳು ಗೇಟಿನ ಹೊರಗೆ ಗಂಟು ಇಟ್ಟುಕೊಂಡು ನಿಂತಿದ್ದಳು. ತಪ್ಪಿಸಿಕೊಂಡು ಹೋಗೋಣವೆಂದರೆ ಆಗಲೇ ಕಂಡುಬಿಟ್ಟಿದ್ದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿ ಎಂದೂ ಅನಿಸಿತು.

ಅವಳು ಎರಡೂ ಕೈ ಜೋಡಿಸಿದಳು. "ಭಾಳ ಉಪಕಾರ ಆತ್ರಿ ಸಾಹೇಬ್ರ. ನಮ್ಮ ಮಾತು ತಿಳಿಯವ್ರು ನೀವ್ ಒಬ್ರು ಇದ್ರಿ. ನಾ ಅಂದದ್ದೆಲ್ಲ ಅವ್ರಿಗಿ ತಿಳಿಸಿ ಹೇಳಿದ್ರಿ. ಅದಕ್ಕ ಪೊಲೀಸರ ತನಕ ಹೋಗಲಿಲ್ರಿ."

"ಇರಲಿ ಬಿಡಿ ಅಮ್ಮ," ಎಂದೆ.