ಆಮೆಗಾಗಿ ಸೆರಗೊಡ್ಡಿದ ಓರಗಿತ್ತಿ

ಗೆಳತಿಯರೇ, ಇವತ್ತು ನಮ್ಮ ಗೃಹಪ್ರವೇಶದಲ್ಲಿ ಹೆಂಗಸರು ಊಟ ಮುಗಿಸಿ ಎದ್ದರೆ, ತಾಂಬೂಲದ ಪ್ಲಾಸ್ಟಿಕ್ ಕವರುಗಳೇ ಮಾಯ! ಮನೆಯ ಹೆಸರು ಅಚ್ಚು ಹಾಕಿಸಿ ತರಿಸಿದ್ದೆ. ಬಚ್ಚಿಟ್ಟವಳು ನನ್ನ ಸೊಸೆ. ಒಮ್ಮೆ ಸಮುದ್ರ ನೋಡಿ ಬಂದವಳು, ಅಂದಿನಿಂದ ಆಮೆಗಳ ಕಡೆಯವಳು.

“ಅತ್ತೆ, ಇವನ್ನೆಲ್ಲ ನಾಳೆ ಸುವರ್ಣಾವತಿ ಒಳೆಗೆ ಎಸೀತಾರೆ. ಅಲ್ಲಿಂದ ಕಾವೇರಿ, ಆಮೇಲೆ ಸಮುದ್ರ. ಆಮೆಗಳು ತಿಂದು ಸಾಯ್ತವೆ.”

“ಯಳಂದೂರಲ್ಲಿ ಕೂತ್ಕಂಡು ಸಮುದ್ರದ ಆಮೆಗೆ ಬಾಣಂತನ ಮಾಡ್ತಿದ್ದೀಯಲ್ಲ, ಮೊದ್ಲು ಬಂದೋರ ಮುಂದೆ ನನ್ ಮಾನ ಉಳಿಸವ್ವ!” ಎಂದೆ.

ಅಷ್ಟರಲ್ಲಿ ಕೊಳ್ಳೇಗಾಲದಿಂದ ಬಂದಿದ್ದ ನನ್ನ ಓರಗಿತ್ತಿ ಎಲ್ಲರಿಗೂ ಕೇಳುವಂತೆ ಅಂದಳು: “ಏನಕ್ಕ, ಇಷ್ಟು ದೊಡ್ಡ ಮನೆ ಕಟ್ಸಿ ಕವರ್‌ಗೆ ಬರ ಬಂತಾ?”

ನನಗೆ ರೇಗಿತು. “ಕವರಲ್ಲಿ ಆಕೊಡೋದು ಅಂಗಡಿಯೋರು ಕಣಮ್ಮಿ. ನಮ್ಮನೇಲಿ ಮಡಿಲು ತುಂಬಿ ಕಳಿಸ್ತೀವಿ. ಒಡ್ಡು ಸೆರಗ!”

ಒಡ್ಡಿದಳು. ಅವಳ ಹಿಂದೆ ಎಲ್ಲರೂ ಒಡ್ಡಿದರು. ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆ ಮಡಿಲಿಗೆ ಬಿದ್ದವು. ಸೊಸೆ ಮಾತ್ರ ಮೂಲೆಯಲ್ಲಿ ನಿಂತು ಗೆದ್ದವಳಂತೆ ನಗುತ್ತಿದ್ದಳು.

ನಗಲಿ. ಇವತ್ತು ಆಮೆಗಳ ಪ್ರಾಣ ಉಳಿಸಿದ್ದು ಅವಳ ಕರುಣೆಯಲ್ಲ, ನನ್ನ ಜಂಬ.